ವಾಲ್ಟರ್ ಕ್ಯಾಂಪ್

ವಾಲ್ಟರ್ ಚಾನ್ಸಿ ಕ್ಯಾಂಪ್ (ಏಪ್ರಿಲ್ 7, 1859 – ಮಾರ್ಚ್ 14, 1925) ಅಮೆರಿಕದ ಫುಟ್‌ಬಾಲ್ ಆಟಗಾರರು, ತರಬೇತುದಾರರು, ಕ್ರೀಡಾ ಬರಹಗಾರರು ಹಾಗೂ ಆಟದ ನಿಯಮ ನಿರೂಪಕರು. ಇಂಗ್ಲೆಂಡಿನ ರಗ್ಬಿಯಿಂದ ಬೇರ್ಪಟ್ಟು ಅಮೆರಿಕನ್ ಫುಟ್‌ಬಾಲ್ ಒಂದು ಸ್ವತಂತ್ರ ಆಟವಾಗಿ ರೂಪುಗೊಳ್ಳಲು ಅವರು ಮಂಡಿಸಿದ ನಿಯಮಗಳೇ ಮುಖ್ಯ ಕಾರಣ. ಆದ್ದರಿಂದ ಅವರನ್ನು ಆ ಆಟದ ಪಿತಾಮಹರೆಂದು ಕರೆಯಲಾಗುತ್ತದೆ. ವಿದ್ಯಾರ್ಥಿ ದೆಸೆಯಿಂದ ಮರಣದ ದಿನದವರೆಗೂ, ನಲವತ್ತೈದಕ್ಕೂ ಹೆಚ್ಚು ವರ್ಷಗಳ ಕಾಲ, ಅವರು ಒಂದಲ್ಲ ಒಂದು ನಿಯಮ ಸಮಿತಿಯಲ್ಲಿದ್ದರು. ಮೈದಾನದಲ್ಲಿ ತೀರ್ಪುಗಾರರು ಎಷ್ಟು ಮಂದಿ ಇರಬೇಕು, ಯಾರು ಎಲ್ಲಿ ನಿಲ್ಲಬೇಕು, ಯಾರ ಕಣ್ಣು ಯಾವುದರ ಮೇಲಿರಬೇಕು ಎಂಬ ವ್ಯವಸ್ಥೆ ಬೆಳೆದದ್ದೂ ಇದೇ ಅವಧಿಯಲ್ಲಿ.

ಆಟದ ಹಿನ್ನೆಲೆ

ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಶಾಲಾ ಮೈದಾನಗಳಲ್ಲಾಗಲಿ, ಕರ್ನಾಟಕದ ಬೇರೆಡೆಯಲ್ಲಾಗಲಿ ಫುಟ್‌ಬಾಲ್ ಎಂದರೆ ದುಂಡು ಚೆಂಡನ್ನು ಕಾಲಿನಿಂದ ಒದೆಯುವ ಆಟ. ಅಮೆರಿಕದಲ್ಲಿ ಅದೇ ಹೆಸರಿನಿಂದ ಕರೆಯಲ್ಪಡುವ ಆಟ ಬೇರೆಯದು. ಅಲ್ಲಿ ಚೆಂಡು ಎರಡೂ ತುದಿ ಚೂಪಾದ ಮೊಟ್ಟೆಯಾಕಾರದ್ದು. ಅದನ್ನು ಬಹುಪಾಲು ಕೈಯಲ್ಲಿ ಹಿಡಿದು ಓಡುತ್ತಾರೆ ಅಥವಾ ಎಸೆಯುತ್ತಾರೆ. ಪ್ರತಿ ತಂಡದಲ್ಲಿ 11 ಆಟಗಾರರು. ಚೆಂಡು ಹೊಂದಿರುವ ತಂಡ ಎದುರಾಳಿಗಳನ್ನು ತಳ್ಳಿಕೊಂಡು, ತಪ್ಪಿಸಿಕೊಂಡು ಮುಂದೆ ಸಾಗಬೇಕು. ಎದುರಾಳಿಗಳು ಚೆಂಡು ಹಿಡಿದವನನ್ನು ನೆಲಕ್ಕೆ ಕೆಡವಿ ತಡೆಯಬೇಕು. ಪ್ರತಿ ಸಲ ಕೆಡವಿದಾಗ ಆಟ ನಿಂತು, ಅಲ್ಲಿಂದಲೇ ಮತ್ತೆ ಆರಂಭವಾಗುತ್ತದೆ.

ಇಂಥ ಆಟಕ್ಕೆ ಒಬ್ಬನೇ ತೀರ್ಪುಗಾರ ಸಾಲದು ಎಂಬುದನ್ನು ತಿಳಿಯಲು ಕಬಡ್ಡಿಯನ್ನು ನೆನೆಯಬಹುದು. ಶಾಲಾ ಕ್ರೀಡಾಕೂಟಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರು ಕಬಡ್ಡಿ ಆಡಿಸುವಾಗ ಒಬ್ಬರು ರೆಫರಿಯಾದರೆ ಇಬ್ಬರು ಅಂಪೈರ್‌ಗಳು ಅಂಕಣದ ಎರಡು ಬದಿಯಲ್ಲಿ ನಿಲ್ಲುತ್ತಾರೆ. ದಾಳಿಗಾರನನ್ನು ನಾಲ್ಕೈದು ಮಂದಿ ಮುತ್ತಿಕೊಂಡಾಗ ಒಂದು ಬದಿಯಿಂದ ಕಾಣದ ಕೈ ಇನ್ನೊಂದು ಬದಿಯಿಂದ ಕಾಣುತ್ತದೆ. ಅಮೆರಿಕನ್ ಫುಟ್‌ಬಾಲಿನಲ್ಲಿ 22 ಮಂದಿ ಏಕಕಾಲಕ್ಕೆ ಡಿಕ್ಕಿ ಹೊಡೆಯುತ್ತಾರೆ, ಅದೂ 100 ಗಜ ಉದ್ದದ ಮೈದಾನದಲ್ಲಿ. ಆದರೂ ಕ್ಯಾಂಪ್ ಆಟಗಾರರಾಗಿ ಮೈದಾನಕ್ಕಿಳಿದ ಕಾಲದಲ್ಲಿ ಆಟದ ಮೇಲೆ ಕಣ್ಣಿಡಬೇಕಾದ ತಟಸ್ಥ ವ್ಯಕ್ತಿ ಒಬ್ಬರೇ ಇದ್ದರು.

ಬಾಲ್ಯ ಮತ್ತು ಶಿಕ್ಷಣ

ಕ್ಯಾಂಪ್ ಅವರು ಕನೆಕ್ಟಿಕಟ್ ರಾಜ್ಯದ ನ್ಯೂ ಬ್ರಿಟನ್ ಪಟ್ಟಣದಲ್ಲಿ ಲೆವರೆಟ್ ಲೀ ಕ್ಯಾಂಪ್ ಮತ್ತು ಎಲೆನ್ ಸೋಫಿಯಾ ದಂಪತಿಯ ಮಗನಾಗಿ ಜನಿಸಿದರು. ತಂದೆ ಶಾಲಾ ಶಿಕ್ಷಕರು. ಕುಟುಂಬ ನ್ಯೂ ಹೇವನ್ ನಗರದಲ್ಲಿ ನೆಲೆಸಿದ ಮೇಲೆ ಬಾಲಕ ಅಲ್ಲಿನ ಹಾಪ್‌ಕಿನ್ಸ್ ಗ್ರಾಮರ್ ಶಾಲೆಯಲ್ಲಿ ಓದಿ, 1876ರಲ್ಲಿ ಅದೇ ನಗರದ ಯೇಲ್ ಕಾಲೇಜಿಗೆ ಸೇರಿದರು.

ಅದೇ ವರ್ಷದ ನವೆಂಬರಿನಲ್ಲಿ ಯೇಲ್ ತಂಡ ಮೊದಲ ಸಲ ರಗ್ಬಿ ಮಾದರಿಯ ನಿಯಮಗಳಂತೆ ಹಾರ್ವರ್ಡ್ ವಿರುದ್ಧ ಆಡಿ ಗೆದ್ದಿತು. ಹದಿನೇಳು ವರ್ಷದ ಕ್ಯಾಂಪ್ ಆ ತಂಡದಲ್ಲಿದ್ದರು. 1880ರಲ್ಲಿ ಪದವಿ ಪಡೆದು ಯೇಲ್ ವೈದ್ಯಕೀಯ ಶಾಲೆಗೆ ಸೇರಿದರಾದರೂ ಆ ವ್ಯಾಸಂಗ ಪೂರ್ತಿಯಾಗಲಿಲ್ಲ. ವೈದ್ಯಕೀಯ ವಿದ್ಯಾರ್ಥಿಯಾಗಿದ್ದಾಗಲೂ ಅವರು ಕಾಲೇಜು ತಂಡದಲ್ಲಿ ಆಡುತ್ತಲೇ ಇದ್ದರು. ಆಟಗಾರನೊಬ್ಬ ಎಷ್ಟು ವರ್ಷ ಆಡಬಹುದೆಂಬ ಮಿತಿ ಆಗ ಇರಲಿಲ್ಲ.

ನಿಯಮ ನಿರೂಪಣೆಯ ಆರಂಭ

ಆಗಿನ ಕಾಲೇಜುಗಳ ಪ್ರತಿನಿಧಿಗಳು ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ನಗರದ ಮಸಾಸೋಯಿಟ್ ಹೌಸ್ ಎಂಬ ಹೋಟೆಲಿನಲ್ಲಿ ಕೂಡಿ ನಿಯಮಗಳನ್ನು ಚರ್ಚಿಸುತ್ತಿದ್ದರು. 1876ರಲ್ಲಿ ಅಲ್ಲಿ ಒಪ್ಪಿತವಾದದ್ದು ಹೆಚ್ಚುಕಡಿಮೆ ಇಂಗ್ಲೆಂಡಿನ ರಗ್ಬಿಯ ನಿಯಮಾವಳಿಯೇ. ತಂಡದ ನಾಯಕರಾಗಿ 1878ರಿಂದ ಈ ಸಭೆಗಳಿಗೆ ಹೋಗತೊಡಗಿದ ಕ್ಯಾಂಪ್, ತಂಡದಲ್ಲಿ 15ರ ಬದಲು 11 ಆಟಗಾರರು ಸಾಕು ಎಂಬ ಯೇಲ್‌ನ ವಾದವನ್ನು ಪಟ್ಟು ಬಿಡದೆ ಮುಂದಿಟ್ಟರು. 1880ರಲ್ಲಿ ಅದು ಅಂಗೀಕಾರವಾಯಿತು.

ಅದೇ ವರ್ಷದ ಇನ್ನೊಂದು ತೀರ್ಮಾನ ಆಟದ ಸ್ವರೂಪವನ್ನೇ ಬದಲಿಸಿತು. ರಗ್ಬಿಯ ಸ್ಕ್ರಮ್‌ನಲ್ಲಿ ಎರಡೂ ಕಡೆಯವರು ತಲೆಗೆ ತಲೆ ಕೊಟ್ಟು ನೂಕುತ್ತ, ನಡುವೆ ಬಿದ್ದ ಚೆಂಡು ಯಾರ ಕಡೆಗೆ ಹೊರಳೀತೋ ಎಂದು ಕಾಯಬೇಕಿತ್ತು. ಕ್ಯಾಂಪ್ ಅದರ ಬದಲಿಗೆ, ಚೆಂಡು ಒಂದು ತಂಡದ ವಶದಲ್ಲಿರತಕ್ಕದ್ದು, ಆ ತಂಡದ ಮಧ್ಯದ ಆಟಗಾರ ಅದನ್ನು ಹಿಂದಕ್ಕೆ ಕ್ವಾರ್ಟರ್‌ಬ್ಯಾಕ್‌ಗೆ ಸಾಗಿಸತಕ್ಕದ್ದು ಎಂಬ ಕ್ರಮವನ್ನು ತಂದರು. ಎರಡು ತಂಡಗಳನ್ನು ಬೇರ್ಪಡಿಸುವ ಕಾಲ್ಪನಿಕ ಗೆರೆಗೆ ಸ್ಕ್ರಿಮೇಜ್ ರೇಖೆ ಎಂದು ಹೆಸರಾಯಿತು. ಇಂದು ತೀರ್ಪುಗಾರರು ನಿಲ್ಲುವ ಸ್ಥಾನಗಳನ್ನೆಲ್ಲ ಈ ರೇಖೆಯಿಂದಲೇ ಅಳೆಯುತ್ತಾರೆ.

ಹೊಸ ನಿಯಮಕ್ಕೆ ಒಂದು ದೊಡ್ಡ ಲೋಪವಿತ್ತು: ಚೆಂಡನ್ನು ಎಷ್ಟು ಹೊತ್ತು ಇಟ್ಟುಕೊಳ್ಳಬಹುದೆಂದು ಅದು ಹೇಳಿರಲಿಲ್ಲ. 1881ರ ಪ್ರಿನ್ಸ್‌ಟನ್–ಯೇಲ್ ಪಂದ್ಯದಲ್ಲಿ ಪ್ರಿನ್ಸ್‌ಟನ್ ಮೊದಲರ್ಧ ಪೂರ್ತಿ ಚೆಂಡನ್ನು ಹಿಡಿದಿಟ್ಟುಕೊಂಡಿತು, ಯೇಲ್ ಎರಡನೆಯ ಅರ್ಧ ಪೂರ್ತಿ. ಯಾರೂ ಅಂಕ ಗಳಿಸಲಿಲ್ಲ. ನೋಡಲು ಬಂದವರಿಗೆ ಬೇಸರವಾಯಿತು. ಇದಕ್ಕೆ ಪರಿಹಾರವಾಗಿ 1882ರಲ್ಲಿ ಕ್ಯಾಂಪ್ ಮಂಡಿಸಿದ ನಿಯಮದಂತೆ, ಮೂರು ಯತ್ನಗಳಲ್ಲಿ 5 ಗಜ ಮುಂದೆ ಸಾಗದ ಅಥವಾ 10 ಗಜ ಹಿಂದೆ ಸರಿಯದ ತಂಡ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕಾಯಿತು. ಪ್ರತಿ ಯತ್ನಕ್ಕೆ ಡೌನ್ ಎಂದು ಹೆಸರು. 5 ಗಜವನ್ನು ಅಳೆಯಲು ಮೈದಾನದ ಮೇಲೆ ಅಡ್ಡಗೆರೆಗಳನ್ನು ಎಳೆಯಬೇಕಾಗಿ ಬಂದು, ದೂರದಿಂದ ಅದು ಕಬ್ಬಿಣದ ಜಾಲರಿಯಂತೆ ಕಾಣಿಸಿದ್ದರಿಂದ ಗ್ರಿಡೈರನ್ ಎಂಬ ಹೆಸರು ಮೈದಾನಕ್ಕೂ ಆಟಕ್ಕೂ ಅಂಟಿಕೊಂಡಿತು. 1883ರಲ್ಲಿ ಅಂಕಗಳನ್ನು ಎಣಿಸುವ ಪದ್ಧತಿಯೂ ಬಂದಿತು.

ಚೆಂಡಿಗೆ ಒಬ್ಬರು, ಆಟಗಾರರಿಗೆ ಒಬ್ಬರು

1876ರ ನಿಯಮಾವಳಿಯಲ್ಲಿ ಪ್ರತಿ ತಂಡಕ್ಕೂ ಅದರದೇ ಒಬ್ಬ ಜಡ್ಜ್ ಇದ್ದು, ಇಬ್ಬರ ನಡುವೆ ಒಬ್ಬ ತಟಸ್ಥ ರೆಫರಿ ಇರುತ್ತಿದ್ದರು. ಹೆಸರಿಗೆ ತೀರ್ಪುಗಾರರಾದರೂ ಆ ಜಡ್ಜ್‌ಗಳು ವಾಸ್ತವವಾಗಿ ತಮ್ಮ ತಮ್ಮ ತಂಡದ ವಕೀಲರು. ಏನಾದರೂ ತಕರಾರಾದರೆ ಇಬ್ಬರೂ ರೆಫರಿಯ ಮುಂದೆ ವಾದಿಸುವುದು, ಅಷ್ಟು ಹೊತ್ತೂ ಆಟ ನಿಲ್ಲುವುದು ವಾಡಿಕೆಯಾಗಿತ್ತು. ಇಬ್ಬರ ವಾದ ಕೇಳುವ ರೆಫರಿಗೆ ಆಟವನ್ನು ನೋಡುವ ಬಿಡುವು ಸಿಗುತ್ತಿತ್ತೇ ಎಂಬುದು ಸಂದೇಹ.

ಶಿಕ್ಷೆಯ ಕ್ರಮವೂ ವಿಚಿತ್ರವಾಗಿತ್ತು. ಮುಷ್ಟಿಯಿಂದ ಹೊಡೆದ ಆಟಗಾರನನ್ನು ಮೂರನೆಯ ಸಲವಷ್ಟೇ ಹೊರಹಾಕಬಹುದೆಂಬ ನಿಯಮವನ್ನು ಓದಿದ ಹಾರ್ವರ್ಡ್‌ನ ಅಧ್ಯಾಪಕರು, ಇದು ಮೊದಲೆರಡು ಹೊಡೆತಗಳಿಗೆ ಪರವಾನಗಿ ಕೊಟ್ಟಂತೆಯೇ ಎಂದು 1883ರಲ್ಲಿ ಆಕ್ಷೇಪಿಸಿದರು. 1885ರಲ್ಲಿ ಹಾರ್ವರ್ಡ್ ಆಟವನ್ನೇ ಒಂದು ಋತುವಿನ ಮಟ್ಟಿಗೆ ನಿಷೇಧಿಸಿತು.

1880ರ ದಶಕದ ನಡುವಿನಲ್ಲಿ ತಂಡಗಳ ಜಡ್ಜ್‌ಗಳನ್ನು ಕೈಬಿಟ್ಟು ಒಬ್ಬ ರೆಫರಿಯನ್ನು ಮಾತ್ರ ಉಳಿಸಲಾಯಿತು. ವಕಾಲತ್ತಿನ ಕಾಟ ತಪ್ಪಿತಾದರೂ ಒಬ್ಬರ ಕಣ್ಣು ಚೆಂಡಿನ ಬೆನ್ನು ಹತ್ತಿದಾಗ ಉಳಿದ ಇಪ್ಪತ್ತು ಆಟಗಾರರು ಏನು ಮಾಡಿದರೂ ಕೇಳುವವರಿಲ್ಲದಂತಾಯಿತು. ಆದ್ದರಿಂದ ದಶಕದ ಕೊನೆಯ ಹೊತ್ತಿಗೆ ಅಂಪೈರ್ ಎಂಬ ಎರಡನೆಯ ತೀರ್ಪುಗಾರನನ್ನು ಸೇರಿಸಲಾಯಿತು. ಕ್ಯಾಂಪ್ ಸಂಪಾದಿಸುತ್ತಿದ್ದ ನಿಯಮಾವಳಿಗಳಲ್ಲಿ ಇವರಿಬ್ಬರ ಹೊಣೆಯನ್ನು ಬಹಳ ಸರಳವಾಗಿ ಹಂಚಲಾಗಿತ್ತು. ಆಟಗಾರರ ನಡವಳಿಕೆ, ಅಕ್ರಮ ಹಿಡಿತ, ಹೊಡೆತ ಇವೆಲ್ಲ ಅಂಪೈರ್‌ಗೆ. ಚೆಂಡು ಎಲ್ಲಿದೆ, ಯಾರ ವಶದಲ್ಲಿದೆ, ಎಷ್ಟು ಮುಂದೆ ಸಾಗಿತು ಎಂಬುದೂ ಉಳಿದೆಲ್ಲ ವಿಷಯವೂ ರೆಫರಿಗೆ. ತನ್ನ ಕ್ಷೇತ್ರದಲ್ಲಿ ಒಬ್ಬೊಬ್ಬರ ತೀರ್ಪೂ ಅಂತಿಮ. ಒಬ್ಬರು ಇನ್ನೊಬ್ಬರ ತೀರ್ಪನ್ನು ಬದಲಿಸುವಂತಿರಲಿಲ್ಲ.

ಈ ಹಂಚಿಕೆ ಸಣ್ಣದಾಗಿ ಕಂಡರೂ ಮಹತ್ವದ್ದು. ಚೆಂಡನ್ನು ನೋಡಬಾರದ ತೀರ್ಪುಗಾರನೊಬ್ಬ ಮೈದಾನದಲ್ಲಿರಬೇಕು ಎಂಬ ಕಲ್ಪನೆ ಅಲ್ಲಿಂದ ಹುಟ್ಟಿತು. ಪ್ರೇಕ್ಷಕರೆಲ್ಲರ ಕಣ್ಣು ಚೆಂಡಿನ ಮೇಲಿರುವಾಗ ಬೇರೆಡೆ ನೋಡುವುದು ಸುಲಭದ ಅಭ್ಯಾಸವಲ್ಲ. ಇಂದಿಗೂ ಅಮೆರಿಕನ್ ಫುಟ್‌ಬಾಲಿನ ತೀರ್ಪುಗಾರರಿಗೆ ಮೊದಲು ಕಲಿಸುವ ಪಾಠ ಇದೇ.

ತರಬೇತುದಾರ ಮತ್ತು ಉದ್ಯಮಿ

ವೈದ್ಯಕೀಯ ವ್ಯಾಸಂಗ ಬಿಟ್ಟ ಕ್ಯಾಂಪ್ ನ್ಯೂಯಾರ್ಕಿನ ಮ್ಯಾನ್‌ಹಟನ್ ವಾಚ್ ಕಂಪನಿಯಲ್ಲಿ ಕೆಲಸಕ್ಕಿದ್ದು, ಅನಂತರ ನ್ಯೂ ಹೇವನ್ ಕ್ಲಾಕ್ ಕಂಪನಿ ಸೇರಿದರು. 1903ರಲ್ಲಿ ಅದರ ಅಧ್ಯಕ್ಷರಾದರು. ಜೀವನೋಪಾಯ ಗಡಿಯಾರದ ಉದ್ಯಮದ್ದೇ. ಯೇಲ್ ತಂಡದ ತರಬೇತಿಗೆ ಅವರು ಸಂಬಳ ಪಡೆಯುತ್ತಿರಲಿಲ್ಲ.

1888ರಲ್ಲಿ ಅವರು ಆಲಿಸ್ ಗ್ರಹಾಂ ಸಮ್ನರ್ ಅವರನ್ನು ವಿವಾಹವಾದರು. ಆಲಿಸ್ ಯೇಲ್‌ನ ಪ್ರಸಿದ್ಧ ಸಮಾಜಶಾಸ್ತ್ರಜ್ಞ ವಿಲಿಯಂ ಗ್ರಹಾಂ ಸಮ್ನರ್ ಅವರ ಸೋದರಿ. ಪತಿ ಕಚೇರಿಯಲ್ಲಿದ್ದ ಹಗಲು ಹೊತ್ತಿನಲ್ಲಿ ಆಲಿಸ್ ಮೈದಾನಕ್ಕೆ ಹೋಗಿ ಅಭ್ಯಾಸವನ್ನು ಗಮನಿಸಿ, ಯಾರು ಹೇಗೆ ಆಡಿದರೆಂದು ಟಿಪ್ಪಣಿ ಮಾಡಿಕೊಂಡು ಬರುತ್ತಿದ್ದರು. ಸಂಜೆ ಮನೆಯಲ್ಲಿ ಆಟಗಾರರೊಂದಿಗೆ ನಡೆಯುತ್ತಿದ್ದ ಚರ್ಚೆಗೆ ಆ ಟಿಪ್ಪಣಿಗಳೇ ಆಧಾರ. ದಾಖಲೆಗಳಲ್ಲಿ ತರಬೇತುದಾರರೆಂದು ಕ್ಯಾಂಪ್ ಅವರ ಹೆಸರೊಂದೇ ಇದ್ದರೂ ಆ ವರ್ಷಗಳ ಯಶಸ್ಸಿನಲ್ಲಿ ಆಲಿಸ್ ಅವರ ಪಾಲು ದೊಡ್ಡದು. ಈ ದಂಪತಿಗೆ ವಾಲ್ಟರ್ ಮತ್ತು ಜಾನೆಟ್ ಎಂಬ ಇಬ್ಬರು ಮಕ್ಕಳು.

1888ರಿಂದ 1892ರವರೆಗೆ ಕ್ಯಾಂಪ್ ಅವರ ಮಾರ್ಗದರ್ಶನದಲ್ಲಿ ಯೇಲ್ 67 ಪಂದ್ಯಗಳನ್ನು ಗೆದ್ದು ಎರಡನ್ನು ಮಾತ್ರ ಸೋತಿತು. 1888ರ ತಂಡ ಋತುವಿಡೀ 698 ಅಂಕ ಗಳಿಸಿ ಎದುರಾಳಿಗಳಿಗೆ ಒಂದೂ ಅಂಕ ಬಿಟ್ಟುಕೊಡಲಿಲ್ಲ. ಅವರ ಶಿಷ್ಯರಲ್ಲಿ ಅಮೋಸ್ ಅಲೊಂಜೊ ಸ್ಟ್ಯಾಗ್ ಮತ್ತು ವಿಲಿಯಂ ಹೆಫೆಲ್‌ಫಿಂಗರ್ ಹೆಸರಾದವರು. ಮುಂದೆ 1892, 1894 ಮತ್ತು 1895ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ತಂಡಕ್ಕೂ ಅವರು ತರಬೇತಿ ನೀಡಿದರು.

ದೇಶದ ಶ್ರೇಷ್ಠ ಹನ್ನೊಂದು ಆಟಗಾರರನ್ನು ವರ್ಷಕ್ಕೊಮ್ಮೆ ಹೆಸರಿಸುವ ಆಲ್-ಅಮೆರಿಕ ತಂಡದ ಪದ್ಧತಿ 1889ರಲ್ಲಿ ಪತ್ರಕರ್ತ ಕ್ಯಾಸ್ಪರ್ ವಿಟ್ನಿ ಅವರ ಜೊತೆಗೂಡಿ ಆರಂಭವಾಯಿತು. ಅನಂತರ ಕಾಲಿಯರ್ಸ್ ವಾರಪತ್ರಿಕೆಯಲ್ಲಿ ಪ್ರಕಟವಾಗುತ್ತಿದ್ದ ಕ್ಯಾಂಪ್ ಅವರ ಪಟ್ಟಿಗಾಗಿ ಓದುಗರು ಕಾದಿರುತ್ತಿದ್ದರು. 1891ರ 'ಅಮೆರಿಕನ್ ಫುಟ್‌ಬಾಲ್' ಸೇರಿದಂತೆ ಅವರು ಸುಮಾರು 30 ಪುಸ್ತಕಗಳನ್ನು ಬರೆದಿದ್ದಾರೆ.

ಗುಂಪು ಆಟ ಮತ್ತು ಹಿಂಸೆ

1888ರಲ್ಲಿ ಕ್ಯಾಂಪ್ ಅವರ ಬೆಂಬಲದಿಂದ ಎರಡು ಬದಲಾವಣೆಗಳಾದವು. ಸೊಂಟದ ಕೆಳಗೆ, ಮೊಣಕಾಲಿನವರೆಗೂ ಹಿಡಿದು ಕೆಡವಲು ಅನುಮತಿ ದೊರೆಯಿತು. ಸ್ಕ್ರಿಮೇಜ್ ರೇಖೆಯಲ್ಲಿರುವ ಆಕ್ರಮಣಕಾರಿ ಆಟಗಾರರು ತೋಳು ಚಾಚಿ ತಡೆಯುವುದು ನಿಷಿದ್ಧವಾಯಿತು. ಇವುಗಳ ಫಲ ಯಾರೂ ನಿರೀಕ್ಷಿಸದ್ದು. ಬಯಲಿನಲ್ಲಿ ಓಡುವವನನ್ನು ಕಾಲು ಹಿಡಿದು ಕೆಡವುವುದು ಸುಲಭವಾದದ್ದರಿಂದ ಓಟ ಲಾಭಕರವಾಗಿ ಉಳಿಯಲಿಲ್ಲ. ತೋಳು ಚಾಚುವಂತಿಲ್ಲವಾದ್ದರಿಂದ ಆಟಗಾರರು ಭುಜಕ್ಕೆ ಭುಜ ತಾಗಿಸಿ ಒತ್ತೊತ್ತಾಗಿ ನಿಂತರು. ಹೀಗೆ ಎಲ್ಲರೂ ಒಂದೆಡೆ ಕೂಡಿ ಎದುರಾಳಿ ಸಾಲಿನ ಒಂದೇ ಬಿಂದುವಿಗೆ ನುಗ್ಗುವ ಗುಂಪು ಆಟ ಬೆಳೆಯಿತು. 1892ರಲ್ಲಿ ಹಾರ್ವರ್ಡ್ ತಂಡ ಲೋರಿನ್ ಡೀಲಂಡ್ ರೂಪಿಸಿದ ಹಾರುವ ಬೆಣೆ ಎಂಬ ವ್ಯೂಹವನ್ನು ಯೇಲ್ ಮೇಲೆ ಪ್ರಯೋಗಿಸಿತು. ದೂರದಿಂದ ಓಡಿ ಬಂದು ಬೆಣೆಯಾಕಾರದಲ್ಲಿ ಕೂಡಿಕೊಂಡು ಗುದ್ದುವ ಈ ವ್ಯೂಹ 1894ರಲ್ಲಿ ನಿಷೇಧಕ್ಕೊಳಗಾಯಿತು.

ತೀರ್ಪುಗಾರರ ದೃಷ್ಟಿಯಿಂದ ಗುಂಪು ಆಟದ ತೊಂದರೆ ಎದ್ದುಕಾಣುವಂಥದು. ಇಪ್ಪತ್ತು ದೇಹಗಳ ರಾಶಿಯೊಳಗೆ ನಡೆಯುವ ಗುದ್ದು, ತಿವಿತ, ಕಣ್ಣಿಗೆ ಬೆರಳು ಹಾಕುವುದು ಹೊರಗೆ ನಿಂತ ಅಂಪೈರ್‌ಗೆ ಕಾಣುತ್ತಿರಲಿಲ್ಲ. ಎರಡು ಸಾಲುಗಳ ನಡುವೆ ಅಂತರವೂ ಇಲ್ಲದ್ದರಿಂದ ಯಾರು ಮೊದಲು ಗೆರೆ ದಾಟಿದರೆಂದು ಹೇಳುವುದೂ ಕಷ್ಟ. 1894ರಲ್ಲಿ ಲೈನ್ಸ್‌ಮನ್ ಎಂಬ ಮೂರನೆಯ ತೀರ್ಪುಗಾರನನ್ನು ಸೇರಿಸಲಾಯಿತು. ಆತ ಪಕ್ಕದ ಗೆರೆಯ ಬಳಿ ನಿಂತು, ಚೆಂಡು ಸಾಗಿದ ದೂರವನ್ನು ಗುರುತಿಸಲು ನೆರವಾಗುತ್ತಿದ್ದನು. ಹಾಗಿದ್ದರೂ ಅದೇ ವರ್ಷ ಸ್ಪ್ರಿಂಗ್‌ಫೀಲ್ಡ್‌ನ ಹ್ಯಾಂಪ್ಡನ್ ಪಾರ್ಕಿನಲ್ಲಿ ನಡೆದ ಹಾರ್ವರ್ಡ್–ಯೇಲ್ ಪಂದ್ಯದಲ್ಲಿ ಎರಡೂ ಕಡೆಯ ಹಲವರು ತೀವ್ರವಾಗಿ ಗಾಯಗೊಂಡರು. ಅನಂತರ 1897ರವರೆಗೆ ಈ ಎರಡು ಕಾಲೇಜುಗಳು ಪರಸ್ಪರ ಆಡಲಿಲ್ಲ.

ಟೀಕೆಗಳಿಗೆ ಉತ್ತರವಾಗಿ ಕ್ಯಾಂಪ್ ಹಳೆಯ ಆಟಗಾರರು ಮತ್ತು ಶಾಲಾ ಕಾಲೇಜುಗಳ ಮುಖ್ಯಸ್ಥರಿಂದ ಅಭಿಪ್ರಾಯ ಸಂಗ್ರಹಿಸಿ 1894ರಲ್ಲಿ ಒಂದು ಪುಸ್ತಕವನ್ನು ಹೊರತಂದರು. ಬಹುಪಾಲು ಮಂದಿ ಆಟದಿಂದ ಒಳಿತೇ ಆಗಿದೆ ಎಂದು ಹೇಳಿರುವಂತೆ ಅದರಲ್ಲಿ ತೋರುತ್ತದೆ. ಪ್ರತಿಕೂಲವಾದ ಉತ್ತರಗಳನ್ನು ಅವರು ಕೈಬಿಟ್ಟಿದ್ದರೆಂದು ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಇತಿಹಾಸಕಾರರು ತೋರಿಸಿದ್ದಾರೆ. ಸಭ್ಯ ಮನೆತನದ ಯುವಕರು ನಿಯಮದ ಅಕ್ಷರಕ್ಕಿಂತ ಅದರ ಆಶಯಕ್ಕೆ ತಲೆಬಾಗುತ್ತಾರೆ ಎಂಬ ನಂಬಿಕೆ ಕ್ಯಾಂಪ್ ಅವರಲ್ಲಿ ಆಳವಾಗಿತ್ತು. ಆದರೆ ಅವರದೇ ನಿಯಮಾವಳಿ ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋದದ್ದು ಆ ನಂಬಿಕೆಗೆ ಪೂರಕವಾಗಿಲ್ಲ.

1905ರ ಬಿಕ್ಕಟ್ಟು

1905ರ ಅಕ್ಟೋಬರ್ 9ರಂದು ಅಧ್ಯಕ್ಷ ಥಿಯೋಡೋರ್ ರೂಸ್‌ವೆಲ್ಟ್ ಅವರು ಹಾರ್ವರ್ಡ್, ಯೇಲ್ ಮತ್ತು ಪ್ರಿನ್ಸ್‌ಟನ್ ಪ್ರತಿನಿಧಿಗಳನ್ನು ಶ್ವೇತಭವನಕ್ಕೆ ಕರೆಸಿ, ಆಟವನ್ನು ಶುದ್ಧಗೊಳಿಸುವಂತೆ ಸೂಚಿಸಿದರು. ಯೇಲ್ ಪರವಾಗಿ ಹೋದವರಲ್ಲಿ ಕ್ಯಾಂಪ್ ಒಬ್ಬರು. ನಿಯಮಗಳನ್ನು ಅಕ್ಷರಶಃ ಮತ್ತು ಮನಃಪೂರ್ವಕ ಪಾಲಿಸುವುದಾಗಿ ಮೂರೂ ಕಾಲೇಜುಗಳು ಹೇಳಿಕೆ ನೀಡಿದವು.

ಆರು ವಾರ ಕಳೆದು, ನವೆಂಬರ್ 25ರ ಶನಿವಾರ ಎರಡು ಘಟನೆಗಳು ನಡೆದವು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವಿರುದ್ಧ ಆಡುತ್ತಿದ್ದ ಯೂನಿಯನ್ ಕಾಲೇಜಿನ ಹೆರಾಲ್ಡ್ ಮೂರ್ ಎಂಬ ಆಟಗಾರ ತಲೆಗೆ ಪೆಟ್ಟಾಗಿ ಮೃತಪಟ್ಟರು. ಅದೇ ದಿನ ಯೇಲ್ ತಂಡ ಹಾರ್ವರ್ಡ್ ಅನ್ನು 6–0 ಅಂಕಗಳಿಂದ ಸೋಲಿಸಿತು. ಈ ಪಂದ್ಯದಲ್ಲಿ ಹಾರ್ವರ್ಡ್‌ನ ಫ್ರಾನ್ಸಿಸ್ ಬರ್, ತಾನು ಚೆಂಡನ್ನು ಹಿಡಿದು ಅಲ್ಲಿಯೇ ನಿಲ್ಲುವೆನೆಂದು ಸಂಜ್ಞೆ ಮಾಡಿದ್ದರು. ಹಾಗೆ ಸಂಜ್ಞೆ ಮಾಡಿದವನನ್ನು ಮುಟ್ಟಬಾರದೆಂಬುದು ನಿಯಮ. ಆದರೂ ಯೇಲ್ ಆಟಗಾರರು ಅವರ ಮೇಲೆರಗಿದರು. ಬರ್ ಮುಖ ರಕ್ತಮಯವಾಯಿತು. ಅಂಪೈರ್ ಆಗಿದ್ದ ಪಾಲ್ ಡಶೀಲ್ ಅದನ್ನು ತಪ್ಪೆಂದು ಸಾರಲಿಲ್ಲ.

ಡಶೀಲ್ ಸಾಮಾನ್ಯರಲ್ಲ. ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲಿ ರಸಾಯನಶಾಸ್ತ್ರ ಬೋಧಿಸುತ್ತಿದ್ದವರು, ನಿಯಮ ಸಮಿತಿಯ ಸದಸ್ಯರು, ಆ ಕಾಲದ ಅತ್ಯಂತ ಅನುಭವಿ ತೀರ್ಪುಗಾರರಲ್ಲಿ ಒಬ್ಬರು. ಅಂಥವರೂ ಕಣ್ಣೆದುರಿನ ತಪ್ಪನ್ನು ಕಾಣದೆ ಹೋದರು ಅಥವಾ ಕಂಡೂ ದಂಡಿಸಲಿಲ್ಲ ಎಂಬುದು ಹಾರ್ವರ್ಡ್ ಬೆಂಬಲಿಗರನ್ನು ಕೆರಳಿಸಿತು. ಸ್ವತಃ ಹಾರ್ವರ್ಡ್ ಪದವೀಧರರಾದ ರೂಸ್‌ವೆಲ್ಟ್, ಡಶೀಲ್ ಅವರಿಗೆ ಅಕಾಡೆಮಿಯಲ್ಲಿ ದೊರೆಯಬೇಕಿದ್ದ ಬಡ್ತಿಯನ್ನು ಕೆಲವು ತಿಂಗಳು ತಡೆಹಿಡಿದರು. ಒಬ್ಬ ಅಂಪೈರ್‌ನ ತೀರ್ಪು ರಾಷ್ಟ್ರಾಧ್ಯಕ್ಷರ ಮೇಜಿನವರೆಗೆ ಹೋದ ಉದಾಹರಣೆಗಳು ವಿರಳ. ಚೆಂಡು ಆಕಾಶದಲ್ಲಿದ್ದಾಗ ಅದು ಬೀಳುವ ಜಾಗದ ಬಳಿ ಯಾರು ಇರಬೇಕೆಂದು ನಿಯಮಾವಳಿ ಗೊತ್ತುಪಡಿಸಿರದಿದ್ದಾಗ ದೋಷವನ್ನೆಲ್ಲ ಒಬ್ಬರ ಮೇಲೆ ಹೊರಿಸಿದ್ದು ಎಷ್ಟು ನ್ಯಾಯ ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ.

ಆ ಋತುವಿನಲ್ಲಿ ಎಲ್ಲ ಹಂತಗಳಲ್ಲೂ ಸೇರಿ 18 ಮಂದಿ ಮೃತಪಟ್ಟರೆಂದು ಪತ್ರಿಕೆಗಳು ಲೆಕ್ಕ ಹಾಕಿದವು. ಸತ್ತವರಲ್ಲಿ ಹೆಚ್ಚಿನವರು ದೊಡ್ಡ ಕಾಲೇಜುಗಳವರಲ್ಲ, ಶಾಲಾ ಬಾಲಕರು ಮತ್ತು ಊರ ತಂಡಗಳ ಯುವಕರು. ಕೊಲಂಬಿಯಾ ವಿಶ್ವವಿದ್ಯಾಲಯ ಆಟವನ್ನು ಕೈಬಿಟ್ಟಿತು. ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳು ರಗ್ಬಿಗೆ ಹೊರಳಿದವು. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಕುಲಪತಿ ಹೆನ್ರಿ ಮೆಕ್ರಾಕನ್ ಅವರ ಕರೆಯ ಮೇರೆಗೆ ಡಿಸೆಂಬರ್‌ನಲ್ಲಿ ಅರವತ್ತಕ್ಕೂ ಹೆಚ್ಚು ಕಾಲೇಜುಗಳು ಸೇರಿ ಒಂದು ಹೊಸ ಸಂಘವನ್ನು ಕಟ್ಟಿದವು. 1910ರಲ್ಲಿ ರಾಷ್ಟ್ರೀಯ ಕಾಲೇಜು ಅಥ್ಲೆಟಿಕ್ ಸಂಘ ಎಂದು ಹೆಸರು ಪಡೆದ ಸಂಸ್ಥೆ ಇದೇ.

ಹೊಸ ಸಂಘದ ಸಮಿತಿಯೂ ಕ್ಯಾಂಪ್ ಇದ್ದ ಹಳೆಯ ಸಮಿತಿಯೂ 1906ರ ಜನವರಿಯಲ್ಲಿ ಒಂದಾದವು. ಬಹುಕಾಲದಿಂದ ಕ್ಯಾಂಪ್ ನಿರ್ವಹಿಸುತ್ತಿದ್ದ ಕಾರ್ಯದರ್ಶಿ ಸ್ಥಾನ ಹಾರ್ವರ್ಡ್‌ನ ತರಬೇತುದಾರ ಬಿಲ್ ರೀಡ್ ಅವರ ಪಾಲಾಯಿತು. ಸುಧಾರಣೆಗಳನ್ನು ಒಪ್ಪದಿದ್ದರೆ ಹಾರ್ವರ್ಡ್ ಆಟವನ್ನೇ ಬಿಡುತ್ತದೆ ಎಂಬ ಬೆದರಿಕೆ ರೀಡ್ ಅವರ ಬೆನ್ನಿಗಿತ್ತು. ಮೂರು ಡೌನ್‌ಗಳಲ್ಲಿ 10 ಗಜ ಸಾಗಬೇಕೆಂಬ ಕ್ಯಾಂಪ್ ಅವರ ಸಲಹೆ ಅಂಗೀಕಾರವಾಯಿತು. ಚೆಂಡನ್ನು ಮುಂದಕ್ಕೆ ಎಸೆಯಲು ಅನುಮತಿ ಕೊಡುವುದು ಮಾತ್ರ ಅವರಿಗೆ ಸಮ್ಮತವಿರಲಿಲ್ಲ. ಅವರ ಅಸಮ್ಮತಿಯನ್ನು ಮೀರಿ ಅದೂ ಬಂದಿತು. ಎರಡು ಸಾಲುಗಳ ನಡುವೆ ಚೆಂಡಿನ ಉದ್ದದಷ್ಟು ಖಾಲಿ ಜಾಗ ಬಿಡಬೇಕೆಂಬ ನಿಯಮವೂ ಸೇರಿತು. ಪಕ್ಕದಲ್ಲಿ ನಿಂತ ಲೈನ್ಸ್‌ಮನ್‌ಗೆ ಮೊದಲ ಬಾರಿಗೆ ಎರಡು ತಂಡಗಳ ನಡುವೆ ಬೆಳಕು ಕಂಡದ್ದು ಆಗ.

ಇದೇ ಸಮಯದಲ್ಲಿ ಯೇಲ್‌ನ ಕ್ರೀಡಾ ಹಣಕಾಸು ಕ್ಯಾಂಪ್ ಅವರ ಹತೋಟಿಯಲ್ಲಿತ್ತೆಂಬುದೂ, ಸುಮಾರು 1,00,000 ಡಾಲರ್‌ಗಳ ಮೀಸಲು ನಿಧಿ ಸದ್ದಿಲ್ಲದೆ ಸಂಗ್ರಹವಾಗಿತ್ತೆಂಬುದೂ ಬಯಲಾಗಿ ಅವರ ಹೆಸರಿಗೆ ಕುಂದು ಬಂದಿತು.

ಚೆಂಡನ್ನು ಮುಂದಕ್ಕೆ ಎಸೆಯತೊಡಗಿದ ಮೇಲೆ ಆಟ ಸ್ಕ್ರಿಮೇಜ್ ರೇಖೆಯಿಂದ ದೂರಕ್ಕೆ ಹಬ್ಬಿತು. ಎಸೆತಗಾರ ಚೆಂಡು ಹೊರಟ ಜಾಗದಿಂದ 5 ಗಜ ಪಕ್ಕಕ್ಕೆ ಸರಿದಿರಬೇಕೆಂಬ ಷರತ್ತನ್ನು ಪರೀಕ್ಷಿಸಲು ಮೈದಾನಕ್ಕೆ ಉದ್ದಗೆರೆಗಳನ್ನೂ ಎಳೆಯಲಾಯಿತು. ದೂರದಲ್ಲಿ ಚೆಂಡು ಹಿಡಿಯುವವನನ್ನು ಯಾರಾದರೂ ತಡೆದರೇ, ಚೆಂಡು ನೆಲಕ್ಕೆ ತಾಗಿತೇ ಎಂಬುದನ್ನು ಹಿಂದೆ ನಿಂತ ರೆಫರಿ ಕಾಣಲಾರ. 1907ರಲ್ಲಿ ನಾಲ್ಕನೆಯ ತೀರ್ಪುಗಾರನಾಗಿ ಫೀಲ್ಡ್ ಜಡ್ಜ್ ಬಂದದ್ದು ಈ ಕಾರಣಕ್ಕೆ. 1909ರಲ್ಲಿ ಮತ್ತೆ ಸಾವುಗಳು ಸಂಭವಿಸಿದಾಗ, ಓಡುವವನನ್ನು ಸಹ ಆಟಗಾರರು ತಳ್ಳುವುದು, ಎಳೆಯುವುದು, ತೋಳು ಹೆಣೆದುಕೊಳ್ಳುವುದು 1910ರಲ್ಲಿ ನಿಷೇಧವಾದವು. 1912ರಲ್ಲಿ ನಾಲ್ಕು ಡೌನ್, 100 ಗಜದ ಮೈದಾನ, ಟಚ್‌ಡೌನ್‌ಗೆ 6 ಅಂಕ ಎಂಬ ಕ್ರಮ ನೆಲೆಗೊಂಡು ಆಟ ಇಂದಿನ ರೂಪಕ್ಕೆ ಹತ್ತಿರವಾಯಿತು. ಮೊದಲಿನ ಅಧಿಕಾರ ಇಲ್ಲದಿದ್ದರೂ ಕ್ಯಾಂಪ್ ಸಮಿತಿಯಲ್ಲಿ ಮುಂದುವರಿದರು.

ಕೊನೆಯ ವರ್ಷಗಳು

ಮೊದಲ ಮಹಾಯುದ್ಧದಲ್ಲಿ ಅಮೆರಿಕ ಭಾಗಿಯಾದಾಗ ನೌಕಾಪಡೆಯ ತರಬೇತಿ ಶಿಬಿರಗಳ ದೈಹಿಕ ಶಿಕ್ಷಣದ ಹೊಣೆಯನ್ನು ಕ್ಯಾಂಪ್ ವಹಿಸಿಕೊಂಡರು. ಉಪಕರಣಗಳಿಲ್ಲದೆ ಕೆಲವೇ ನಿಮಿಷಗಳಲ್ಲಿ ಮಾಡಬಹುದಾದ ಹನ್ನೆರಡು ವ್ಯಾಯಾಮಗಳನ್ನು ಅವರು ಹೊಂದಿಸಿದರು. ಡೇಲಿ ಡಜನ್ ಎಂದು ಪ್ರಸಿದ್ಧವಾದ ಈ ವ್ಯಾಯಾಮಗಳು ಯುದ್ಧಾನಂತರ ಗ್ರಾಮಫೋನ್ ತಟ್ಟೆಗಳ ಮೂಲಕ ಮನೆಮನೆಗೂ ತಲುಪಿದವು.

1925ರ ಮಾರ್ಚ್‌ನಲ್ಲಿ ನಿಯಮ ಸಮಿತಿಯ ಸಭೆಗೆಂದು ಅವರು ನ್ಯೂಯಾರ್ಕಿಗೆ ಹೋಗಿದ್ದರು. 14ರ ಬೆಳಿಗ್ಗೆ ಸಭೆಗೆ ಬಾರದಿದ್ದುದನ್ನು ಕಂಡು ಸಹ ಸದಸ್ಯರು ಹೋಟೆಲಿನ ಕೋಣೆಗೆ ಹೋಗಿ ನೋಡಿದಾಗ ಅವರು ನಿದ್ರೆಯಲ್ಲೇ ಹೃದಯಾಘಾತದಿಂದ ನಿಧನರಾಗಿದ್ದರು. ಆಗ ಅವರಿಗೆ 65 ವರ್ಷ. ನ್ಯೂ ಹೇವನ್‌ನ ಗ್ರೋವ್ ಸ್ಟ್ರೀಟ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ತೀರ್ಪುಗಾರರ ಸ್ಥಾನಗಳು: ಅನಂತರದ ಬೆಳವಣಿಗೆ

ಕ್ಯಾಂಪ್ ನಿಧನರಾದಾಗ ಮೈದಾನದಲ್ಲಿ ನಾಲ್ವರು ತೀರ್ಪುಗಾರರಿದ್ದರು. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 1947ರಲ್ಲಿ ಐದನೆಯವರು, 1965ರಲ್ಲಿ ಲೈನ್ ಜಡ್ಜ್, 1978ರಲ್ಲಿ ಸೈಡ್ ಜಡ್ಜ್ ಸೇರಿ ಸಂಖ್ಯೆ ಏಳಕ್ಕೇರಿತು. ರೆಫರಿ ಚೆಂಡು ಹೊಂದಿರುವ ತಂಡದ ಹಿಂದೆ ನಿಂತು ಕ್ವಾರ್ಟರ್‌ಬ್ಯಾಕ್‌ನನ್ನು ಗಮನಿಸುತ್ತಾರೆ. ಸ್ಕ್ರಿಮೇಜ್ ರೇಖೆಯ ಎರಡು ತುದಿಗಳಲ್ಲಿ ಲೈನ್ ಜಡ್ಜ್ ಹಾಗೂ 2017ರಿಂದ ಡೌನ್ ಜಡ್ಜ್ ಎಂದು ಕರೆಯಲ್ಪಡುವ ಹಳೆಯ ಲೈನ್ಸ್‌ಮನ್ ನಿಲ್ಲುತ್ತಾರೆ. ಗಜ ಅಳೆಯುವ ಸರಪಳಿಯವರು ಡೌನ್ ಜಡ್ಜ್ ಅಧೀನರು. ಫೀಲ್ಡ್ ಜಡ್ಜ್ ಮತ್ತು ಸೈಡ್ ಜಡ್ಜ್ ರೇಖೆಯಿಂದ ಸುಮಾರು 20 ಗಜ ದೂರದಲ್ಲಿ ಎರಡು ಪಕ್ಕಗಳಲ್ಲೂ, ಬ್ಯಾಕ್ ಜಡ್ಜ್ ಅವರಿಗಿಂತ ಹಿಂದೆ ಮೈದಾನದ ನಡುವಿನಲ್ಲೂ ಇದ್ದು ಉದ್ದ ಎಸೆತಗಳನ್ನು ಕಾಯುತ್ತಾರೆ. ಫ್ರಾನ್ಸಿಸ್ ಬರ್ ಪೆಟ್ಟು ತಿಂದಂಥ ಜಾಗದಲ್ಲಿ ಇಂದು ಒಬ್ಬರಾದರೂ ತೀರ್ಪುಗಾರರು ಇದ್ದೇ ಇರುತ್ತಾರೆ.

ಅಂಪೈರ್ ಬಹುಕಾಲ ರಕ್ಷಣಾ ಸಾಲಿನ ಹಿಂದೆ, ಆಟಗಾರರ ನಡುವೆಯೇ ನಿಲ್ಲುತ್ತಿದ್ದರು. ಹತ್ತಿರದಿಂದ ನೋಡಲು ಅದು ಅನುಕೂಲವಾದರೂ ಓಡಿ ಬರುವವರ ಡಿಕ್ಕಿಗೆ ಸಿಕ್ಕಿ ಗಾಯಗೊಳ್ಳುವುದು ಹೆಚ್ಚಾದ್ದರಿಂದ 2010ರಲ್ಲಿ ಎನ್‌ಎಫ್‌ಎಲ್ ಅವರನ್ನು ಚೆಂಡು ಹೊಂದಿರುವ ತಂಡದ ಹಿಂದಕ್ಕೆ ಸರಿಸಿತು. ತಪ್ಪು ಕಂಡಾಗ ಎಸೆಯುವ ಬಟ್ಟೆಯ ಬಾವುಟ 1941ರಲ್ಲಿ ಒಹಾಯೋ ರಾಜ್ಯದ ಯಂಗ್ಸ್‌ಟೌನ್ ಕಾಲೇಜಿನ ತರಬೇತುದಾರ ಡ್ವೈಟ್ ಬೀಡ್ ಅವರ ಕಲ್ಪನೆ. ಅದಕ್ಕೂ ಮೊದಲು ಪೀಪಿ ಊದಿ ತಿಳಿಸುತ್ತಿದ್ದರು. ಜನರ ಗದ್ದಲದಲ್ಲಿ ಅದು ಕೇಳಿಸುತ್ತಿರಲಿಲ್ಲ.

ಸ್ಮರಣೆ

ದೇಶದ ನಾನಾ ಕಾಲೇಜುಗಳು ಮತ್ತು ಶಾಲೆಗಳು ನೀಡಿದ ದೇಣಿಗೆಯಿಂದ ಯೇಲ್ ಬೌಲ್ ಕ್ರೀಡಾಂಗಣದ ಮುಂದೆ ಕ್ಯಾಂಪ್ ಸ್ಮಾರಕ ಮಹಾದ್ವಾರ ನಿರ್ಮಾಣವಾಗಿ 1928ರಲ್ಲಿ ಸಮರ್ಪಿತವಾಯಿತು. 1951ರಲ್ಲಿ ಕಾಲೇಜು ಫುಟ್‌ಬಾಲಿನ ಹಾಲ್ ಆಫ್ ಫೇಮ್‌ನ ಮೊದಲ ಪಟ್ಟಿಯಲ್ಲಿ ಅವರ ಹೆಸರು ಸೇರಿತು. 1967ರಿಂದ ಪ್ರತಿ ವರ್ಷ ಕಾಲೇಜು ಫುಟ್‌ಬಾಲಿನ ಶ್ರೇಷ್ಠ ಆಟಗಾರನಿಗೆ ವಾಲ್ಟರ್ ಕ್ಯಾಂಪ್ ಪ್ರಶಸ್ತಿ ನೀಡಲಾಗುತ್ತಿದೆ. ಅವರ ಪತ್ರವ್ಯವಹಾರ ಮತ್ತು ಟಿಪ್ಪಣಿಗಳ ಸಂಗ್ರಹ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿದೆ.